ಕೆಂಪಾಪುರದ ಕಲ್ಲು, ನಲವತ್ತು ಬಿಟ್ಟಿನ ಬೀಗ

ಅವರೇಕಾಯಿ ಕಾಲದಲ್ಲಿ ಮಾಗಡಿ ಸೀಮೆಯ ಬಸ್ಸಿನಲ್ಲಿ ಕೂರುವುದೇ ಒಂದು ಸುಖ. ಮೂಟೆಗಳ ಸೊಗಡು ಬಸ್ಸಿನ ತುಂಬ ಹರಡಿರುತ್ತದೆ. ಈ ಸಲ ಮಾತ್ರ ಆ ಸುಖ ತಪ್ಪಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾರು ತಂದಿದ್ದ. ಹದಿನೈದು ವರ್ಷದ ಹಿಂದೆ ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತು, ನನ್ನ ಪಾಠಕ್ಕಿಂತ ಕಿಟಕಿಯಾಚೆಯ ಹುಣಸೆಮರವನ್ನೇ ಹೆಚ್ಚಾಗಿ ನೋಡುತ್ತಿದ್ದ ಹುಡುಗ ಅವನು. ಈಗ ಬೆಂಗಳೂರಿನಲ್ಲಿ ಸ್ವಂತ ಸಾಫ್ಟ್‌ವೇರ್ ಕಂಪನಿ ನಡೆಸುತ್ತಾನೆ. ಕಂಪನಿ ಎಂದರೆ ಗಾಜಿನ ಮಹಲೇನೂ ಅಲ್ಲ. ಬಾಡಿಗೆಯ ಒಂದು ಮಹಡಿ, ಒಂಬತ್ತು ಜನ. ಭಾನುವಾರ ಊರಿಗೆ ಬಂದವನು, ‘ಸಾರ್, ಕೆಂಪಾಪುರಕ್ಕೆ ಹೋಗಿ ಬರೋಣ. ನಮ್ಮ ತಂಗಿ ಇನ್ನೂ ನೋಡಿಲ್ಲ’ ಎಂದ. ಹಿಂದಿನ ಸೀಟಿನಲ್ಲಿ ಅವನ ತಂದೆಯೂ ಪಿಯುಸಿ ಓದುವ ತಂಗಿಯೂ ಕೂತರು.

ಬೆಂಗಳೂರಿನಿಂದ ಮಾಗಡಿಗೆ ಸುಮಾರು 50 ಕಿಲೋಮೀಟರು. ದಾರಿಯುದ್ದಕ್ಕೂ ಬಂಡೆ, ಮಾವಿನ ತೋಪು, ರಾಗಿ ಹೊಲ. ದೂರದಲ್ಲಿ ಆನೆ ಮಲಗಿದಂತೆ ಸಾವನದುರ್ಗ. ನಾವು ಬಹುಕಾಲ ರಾಮನಗರ ಜಿಲ್ಲೆಯವರಾಗಿದ್ದೆವು. 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರು ಬಂತು. ಹೆಸರು ಬದಲಾದರೂ ಬಂಡೆಗಳು ಇದ್ದಲ್ಲೇ ಇವೆ.

ಮಾಗಡಿಯ ಕೋಟೆ ಹಿಂದಾಗುವವರೆಗೂ ಹುಡುಗನ ತಂದೆ ಬಾಯಿ ಬಿಡಲಿಲ್ಲ. ಆಮೇಲೆ ನನ್ನ ಭುಜ ಮುಟ್ಟಿ ಮೆಲ್ಲಗೆ ಕೇಳಿದರು: ‘ಮೇಷ್ಟ್ರೇ, ನೀವು ಸೈನ್ಸು ಓದಿದೋರು, ನಿಜ ಹೇಳಿ. ಇವನು ಮಾಡೋ ಮಾಲು ಮದ್ದುಗುಂಡಿನ ಜಾತೀದಂತೆ. ಪರದೇಶಕ್ಕೆ ಕಳಿಸಬೇಕಾದ್ರೆ ದಿಲ್ಲಿಯಿಂದ ಅಪ್ಪಣೆ ಬರಬೇಕಂತೆ. ಜಮೀನಿನ ಪತ್ರ ಬ್ಯಾಂಕಲ್ಲಿ ಇಟ್ಟಿದೀನಿ. ಇವನು ಏನು ಮಾಡ್ತಾವ್ನೆ?’

ಹುಡುಗ ಕನ್ನಡಿಯಲ್ಲಿ ನನ್ನ ಮುಖ ನೋಡಿ ನಕ್ಕ. ಆದರೆ ಅದು ನಗುವ ಪ್ರಶ್ನೆಯಾಗಿರಲಿಲ್ಲ. ಅವನ ಕಂಪನಿ ತಯಾರಿಸುವುದು ಒಂದು ತಂತ್ರಾಂಶ. ಕಾಗದಪತ್ರಗಳನ್ನು ಗೂಢಲಿಪಿಗೆ ತಿರುಗಿಸಿ ಒಂದು ಶಾಖೆಯಿಂದ ಇನ್ನೊಂದು ಶಾಖೆಗೆ ಕಳಿಸುತ್ತದೆ. ದಾರಿಯಲ್ಲಿ ಯಾರು ಕದ್ದು ನೋಡಿದರೂ ಅವರಿಗೆ ಕಾಣುವುದು ಕಸದಂಥ ಅಕ್ಷರಗಳಷ್ಟೇ. ಹೊರದೇಶದ ಸರಕು ಸಾಗಣೆ ಸಂಸ್ಥೆಯೊಂದು ಅದನ್ನು ತನಗೆ ಬೇಕಾದಂತೆ ಮಾರ್ಪಡಿಸಿಕೊಡಿ ಎಂದು ಕೇಳಿತ್ತು. ಮಾಲು ಸಿದ್ಧವಾಗಿದೆ, ಕೊಳ್ಳುವವರು ಕಾಯುತ್ತಿದ್ದಾರೆ, ಅನುಮತಿ ಮಾತ್ರ ಬಂದಿಲ್ಲ. ‘ತಪ್ಪು ನಮ್ಮದೇ ಸಾರ್’ ಎಂದ. ‘ಅನುಮತಿ ಬೇಕು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಕೊನೇ ಗಳಿಗೇಲಿ ಅರ್ಜಿ ಹಾಕಿದ್ವಿ. ಅದರಲ್ಲೂ ಕೊಳ್ಳುವವರ ಪ್ರಮಾಣಪತ್ರ ಸರಿಯಿರಲಿಲ್ಲ, ವಾಪಸ್ ಬಂತು.’

ಅಷ್ಟರಲ್ಲಿ ಕೆಂಪಾಪುರ ಬಂತು.

ಬೆಂಗಳೂರು ವಿಮಾನ ನಿಲ್ದಾಣದ ಬಳಿ 2022ರ ನವೆಂಬರಿನಲ್ಲಿ ಅನಾವರಣಗೊಂಡ 108 ಅಡಿಯ ಕಂಚಿನ ಕೆಂಪೇಗೌಡರನ್ನು ನೋಡಿದವರು ಇಲ್ಲಿಗೆ ಬಂದರೆ ಮೊದಲು ನಿರಾಶೆಪಟ್ಟಾರು. ಕಲ್ಲಿನ ಕಟ್ಟಡ ಚಿಕ್ಕದು. ಅಬ್ಬರವಿಲ್ಲ. ತಲೆಮಾರುಗಟ್ಟಲೆ ಊರಿನವರು ಇದರ ಪಕ್ಕದಲ್ಲೇ ದನ ಕಟ್ಟಿ, ರಾಗಿ ಒಣಗಿಸಿ ಬದುಕಿದ್ದಾರೆ. ಇದು ಹಿರಿಯ ಕೆಂಪೇಗೌಡರ ಸಮಾಧಿ ಎಂಬುದು ಹೊರಜಗತ್ತಿಗೆ ತಿಳಿದದ್ದು 2015ರ ಮಾರ್ಚ್ ಮೊದಲ ವಾರದಲ್ಲಿ. ಇತಿಹಾಸದ ಹವ್ಯಾಸಿ ಸಂಶೋಧಕ ಪ್ರಶಾಂತ್ ಮರೂರ್ ಅವರು ಇಲ್ಲಿನ ಕನ್ನಡ ಬರಹವನ್ನು ಓದಿ ಹೇಳಿದರು. ಕುಣಿಗಲಿನ ಒಂದು ವ್ಯಾಜ್ಯ ತೀರಿಸಿ ಹಿಂತಿರುಗುವಾಗ ಗೌಡರು ಇಲ್ಲಿ ತೀರಿಕೊಂಡರೆಂದೂ, ಮಗ ಇಮ್ಮಡಿ ಕೆಂಪೇಗೌಡ ಈ ನೆನಪು ನಿಲ್ಲಿಸಿದನೆಂದೂ ಅದರ ತಾತ್ಪರ್ಯ. ಕಲ್ಲು ಎಲ್ಲರ ಕಣ್ಣೆದುರೇ ಇತ್ತು. ಓದುವವರು ಬೇಕಿತ್ತು ಅಷ್ಟೆ. ಆ ಮಾರ್ಚ್ ಮೊದಲ ವಾರವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

ಮೆಟ್ಟಿಲ ಮೇಲೆ ಕೂತೆವು. ತಂದೆಯವರ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಎದುರಿಗಿದ್ದ ಕಲ್ಲನ್ನೇ ನೋಡುತ್ತ ಹೇಳಿದೆ: ‘ಗೌಡ್ರೇ, ಇಲ್ಲಿ ಮಲಗಿರೋ ಪುಣ್ಯಾತ್ಮರಿಗೂ ಅಪ್ಪಣೆಯ ಕಾಟ ತಪ್ಪಿರಲಿಲ್ಲ.’

ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದವರೆಂದು ಎಲ್ಲ ಮಕ್ಕಳಿಗೂ ಗೊತ್ತು. ಅವರು ಭೈರವನ ಹೆಸರಿನಲ್ಲಿ ಸ್ವಂತ ನಾಣ್ಯ ಅಚ್ಚುಹಾಕಿಸಿದರು, ವಿಜಯನಗರದ ಅಪ್ಪಣೆಯಿಲ್ಲದೆ ಟಂಕಿಸಿದ್ದಕ್ಕೆ ಐದು ವರ್ಷ ಆನೆಗೊಂದಿಯಲ್ಲಿ ಸೆರೆಯಿದ್ದರು ಎಂಬ ಪ್ರತೀತಿ ಅಷ್ಟಾಗಿ ಪಠ್ಯಪುಸ್ತಕಕ್ಕೆ ಬರುವುದಿಲ್ಲ. ಪೇಟೆ ಕಟ್ಟಿದವನಿಗೆ ನಾಣ್ಯ ಬೇಕು. ಪೇಟೆ ಎಂದರೆ ಕೊಡುಕೊಳ್ಳುವಿಕೆ. ಅರಮನೆಗೆ ಮಾತ್ರ ನಾಣ್ಯ ಎಂದರೆ ಅಧಿಕಾರ. ಒಂದೇ ವಸ್ತು ಒಬ್ಬರ ಕಣ್ಣಿಗೆ ವ್ಯಾಪಾರ, ಇನ್ನೊಬ್ಬರ ಕಣ್ಣಿಗೆ ರಾಜ್ಯದ ಭದ್ರತೆ.

ಗೌಡರ ಕಾಲದಲ್ಲೇ ಇನ್ನೊಂದು ನಡೆದಿದೆ. 1547ರಲ್ಲಿ ಸದಾಶಿವರಾಯನ ವಿಜಯನಗರಕ್ಕೂ ಗೋವೆಯ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಅರಬಸ್ತಾನ, ಪರ್ಷಿಯಾಗಳಿಂದ ಹಡಗಿನಲ್ಲಿ ಬಂದು ಗೋವೆಯಲ್ಲಿ ಇಳಿಯುವ ಕುದುರೆಗಳು ವಿಜಯನಗರಕ್ಕೆ ಮಾತ್ರ ಹೋಗಬೇಕು, ವಿಜಾಪುರದ ಆದಿಲಶಾಹಿಗೆ ಹೋಗಕೂಡದು. ಪ್ರತಿಯಾಗಿ ರಾಯನ ಸೀಮೆಯ ಪೆಟ್ಲುಪ್ಪು, ಕಬ್ಬಿಣ ಪೋರ್ಚುಗೀಸರಿಗೆ ಸಲ್ಲಬೇಕು. ಪೆಟ್ಲುಪ್ಪಿಲ್ಲದೆ ಮದ್ದಿಲ್ಲ, ಕುದುರೆಯಿಲ್ಲದೆ ದಂಡಿಲ್ಲ. ಇಂದಿನ ಭಾಷೆಯಲ್ಲಿ ಇದಕ್ಕೆ ರಫ್ತು ನಿಯಂತ್ರಣ ಎನ್ನುತ್ತಾರೆ.

‘ಕುದುರೆ ಸರಿ. ಬೀಗಕ್ಕೆ ಯಾಕೆ ತಡೆ?’ ಎಂದಳು ಹುಡುಗಿ. ಒಳ್ಳೆಯ ಪ್ರಶ್ನೆ. ಇಂಥವು ತರಗತಿಯಲ್ಲಿ ಬರುವುದು ಅಪರೂಪ. ಪರೀಕ್ಷೆಗೆ ಬರುತ್ತಾ ಸಾರ್ ಎಂಬುದೇ ಅಲ್ಲಿ ಹೆಚ್ಚು.

ಅವಳ ಸೈಕಲ್ಲಿಗೆ ಮೂರು ಚಕ್ರಗಳ ಅಂಕಿಬೀಗವಿದೆ. ಸೊನ್ನೆ ಸೊನ್ನೆ ಸೊನ್ನೆಯಿಂದ ಒಂಬೈನೂರ ತೊಂಬತ್ತೊಂಬತ್ತರವರೆಗೆ ಒಂದು ಸಾವಿರ ಸಾಧ್ಯತೆ. ಒಂದೊಂದಕ್ಕೆ ಎರಡು ಸೆಕೆಂಡು ಹಿಡಿದರೂ ಕಳ್ಳ ಅರ್ಧ ಗಂಟೆಯ ಆಸುಪಾಸಿನಲ್ಲಿ ಎಲ್ಲವನ್ನೂ ತಿರುವಿ ನೋಡಬಹುದು. ಇನ್ನೊಂದು ಚಕ್ರ ಸೇರಿಸಿದರೆ ಐದೂವರೆ ಗಂಟೆ ಬೇಕು. ಗಣಕಯಂತ್ರದ ಬೀಗದಲ್ಲಿ ಚಕ್ರಕ್ಕೆ ಹತ್ತು ಅಂಕಿಗಳಿರುವುದಿಲ್ಲ, ಎರಡೇ: ಸೊನ್ನೆ ಮತ್ತು ಒಂದು. ಅಂಥ ಒಂದು ಚಕ್ರಕ್ಕೆ ಬಿಟ್ ಎಂದು ಹೆಸರು. ಒಂದು ಬಿಟ್ ಹೆಚ್ಚಿಸಿದರೆ ಕಳ್ಳನ ಕೆಲಸ ಎರಡರಷ್ಟು. 40 ಬಿಟ್ಟಿನ ಬೀಗಕ್ಕೆ ಸುಮಾರು 1,09,951 ಕೋಟಿ ಕೀಲಿಗಳು ಸಾಧ್ಯ. ದೊಡ್ಡ ಸಂಖ್ಯೆಯೇ. ಆದರೆ ಸೆಕೆಂಡಿಗೆ ಒಂದು ಕೋಟಿ ಕೀಲಿ ಪರೀಕ್ಷಿಸುವ ಯಂತ್ರಕ್ಕೆ ಅದು ಮೂವತ್ತು ಗಂಟೆಯ ಕೆಲಸ. ಅದೇ ಯಂತ್ರಕ್ಕೆ 56 ಬಿಟ್ಟಿನ ಬೀಗ ಕೊಟ್ಟರೆ 228 ವರ್ಷ. 128 ಬಿಟ್ ಕೊಟ್ಟರೆ ಈ ವಿಶ್ವದ ವಯಸ್ಸೂ ಸಾಲದು. ಲೆಕ್ಕ ನಂಬದವರು ಎರಡನ್ನು ಎರಡರಿಂದ ಗುಣಿಸುತ್ತ ಹೋಗಲಿ. ಹುಡುಗಿ ಮೊಬೈಲಿನಲ್ಲಿ ಹಾಗೇ ಮಾಡಿ, ಪರದೆಯಲ್ಲಿ ಅಂಕಿಗಳು ಹಿಡಿಯದಾದಾಗ ನಿಲ್ಲಿಸಿದಳು.

ಅಮೆರಿಕ ಸರ್ಕಾರಕ್ಕೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಎರಡನೇ ಮಹಾಯುದ್ಧದಲ್ಲಿ ಶತ್ರುವಿನ ಗೂಢಲಿಪಿ ಒಡೆದೇ ಎಷ್ಟೋ ಕದನಗಳನ್ನು ಗೆದ್ದವರು ಅವರು. ಬಲವಾದ ಬೀಗ ಹೊರಗೆ ಹೋದರೆ ನಾಳೆ ಪರರ ಮಾತು ನಮಗೆ ಕೇಳಿಸುವುದಿಲ್ಲ ಎಂಬ ಭಯ. ಆದ್ದರಿಂದ ಗೂಢಲಿಪಿಯ ತಂತ್ರಾಂಶವನ್ನು ಯುದ್ಧಟ್ಯಾಂಕು, ಯುದ್ಧವಿಮಾನಗಳ ಜತೆಗೆ ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿ ಸೇರಿಸಿದ್ದರು. 1996ರವರೆಗೂ ಅದು ಅಲ್ಲೇ ಇತ್ತು. ಹುಡುಗನ ತಂದೆ ಕೇಳಿದ ‘ಮದ್ದುಗುಂಡಿನ ಜಾತಿ’ ಎಂಬ ಮಾತು ಉತ್ಪ್ರೇಕ್ಷೆಯಲ್ಲ. ಒಂದು ಕಾಲಕ್ಕೆ ಅದೇ ಕಾನೂನಾಗಿತ್ತು.

ಇದರಿಂದ ನಡೆದ ವಿಚಿತ್ರಗಳು ಒಂದೆರಡಲ್ಲ. ನೆಟ್‌ಸ್ಕೇಪ್ ಕಂಪನಿ ತನ್ನ ಬ್ರೌಸರನ್ನು ಎರಡು ಬಗೆ ಮಾಡಬೇಕಾಯಿತು: ಅಮೆರಿಕದವರಿಗೆ 128 ಬಿಟ್, ಹೊರಗಿನವರಿಗೆ 40 ಬಿಟ್. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದಾಗ ನಮ್ಮ ಪಾಲಿಗಿದ್ದದ್ದು ಈ ಎರಡನೆಯದು. ಅದೇ ತಿಂಗಳು ಫ್ರಾನ್ಸಿನ ಡಾಮಿಯೆನ್ ಡಾಲಿಗೆ ಎಂಬ ಸಂಶೋಧಕ, ಕಚೇರಿಯ ನೂರಿಪ್ಪತ್ತು ಗಣಕಗಳನ್ನೂ ಒಂದೆರಡು ದೊಡ್ಡ ಯಂತ್ರಗಳನ್ನೂ ಎಂಟು ದಿನ ದುಡಿಸಿ 40 ಬಿಟ್ಟಿನ ಬೀಗ ಒಡೆದು ತೋರಿಸಿದ. 1998ರಲ್ಲಿ ಅಮೆರಿಕದ ಒಂದು ಸ್ವಯಂಸೇವಾ ಸಂಸ್ಥೆ ಎರಡೂವರೆ ಲಕ್ಷ ಡಾಲರಿಗಿಂತ ಕಡಿಮೆ ಖರ್ಚಿನ ಯಂತ್ರ ಕಟ್ಟಿ 56 ಬಿಟ್ಟಿನದನ್ನು 56 ಗಂಟೆಯಲ್ಲಿ ಒಡೆಯಿತು. ನನ್ನ 228 ವರ್ಷ ಎಲ್ಲಿ ಹೋಯಿತೆಂದರೆ, ಆ ಯಂತ್ರ ಸೆಕೆಂಡಿಗೆ ಒಂದು ಕೋಟಿಯಲ್ಲ, ಸಾವಿರಾರು ಕೋಟಿ ಕೀಲಿ ನೋಡುತ್ತಿತ್ತು.

ಇನ್ನೊಂದು ಪ್ರಸಂಗವನ್ನು ನಾನು ಮಕ್ಕಳಿಗೆ ಹೇಳುವುದುಂಟು. ಗೂಢಲಿಪಿ ಕುರಿತ ಒಂದು ಪುಸ್ತಕದ ಹಿಂಬದಿಯಲ್ಲಿ ಗಣಕಕ್ಕೆ ಕೊಡುವ ಆದೇಶಗಳನ್ನು ಅಚ್ಚುಹಾಕಿದ್ದರು. 1994ರಲ್ಲಿ ಒಬ್ಬ ಎಂಜಿನಿಯರು ಇದನ್ನು ಹೊರದೇಶಕ್ಕೆ ಕಳಿಸಬಹುದೇ ಎಂದು ಸರ್ಕಾರವನ್ನು ಕೇಳಿದ. ಪುಸ್ತಕ ಕಳಿಸಬಹುದು ಎಂಬ ಉತ್ತರ ಬಂತು. ಅದೇ ಆದೇಶಗಳನ್ನು ಫ್ಲಾಪಿಯಲ್ಲಿ ಹಾಕಿ ಕೇಳಿದ. ಕಳಿಸಕೂಡದು ಎಂದರು! ಕಾಗದದ ಮೇಲಿದ್ದರೆ ವಿದ್ಯೆ, ಫ್ಲಾಪಿಯಲ್ಲಿದ್ದರೆ ಆಯುಧ. ಪಿಜಿಪಿ ಎಂಬ ತಂತ್ರಾಂಶ ಬರೆದ ಫಿಲ್ ಜಿಮ್ಮರ್‌ಮನ್ ಎಂಬಾತನ ಮೇಲೆ 1993ರಿಂದ 1996ರ ಜನವರಿಯವರೆಗೆ ತನಿಖೆ ನಡೆದು, ಕೊನೆಗೆ ಯಾವ ಆರೋಪವೂ ಇಲ್ಲದೆ ಮುಗಿಯಿತು. ಆ ನಡುವೆ ಅವನ ತಂತ್ರಾಂಶವೂ ಪುಸ್ತಕವಾಗಿ ಅಚ್ಚಾಯಿತು.

ನಷ್ಟವಾದದ್ದು ಯಾರಿಗೆ? ಶತ್ರುಗಳಿಗೇನೂ ಅಲ್ಲ. ಆಸ್ಟ್ರೇಲಿಯದ ಎರಿಕ್ ಯಂಗ್, ಟಿಮ್ ಹಡ್ಸನ್ ಎಂಬಿಬ್ಬರು ಅಮೆರಿಕದ ಕಾನೂನು ಮುಟ್ಟದ ತಮ್ಮ ನೆಲದಲ್ಲೇ ಕೂತು 1995ರಿಂದ ಬಲವಾದ ಬೀಗ ಬರೆದು ಜಗತ್ತಿಗೆ ಹಂಚಿದರು. ಇಂದು ಅಸಂಖ್ಯ ಗಣಕಗಳಲ್ಲಿರುವ ಓಪನ್‌ಎಸ್‌ಎಸ್‌ಎಲ್ ಅದರ ಸಂತಾನ. ಅಮೆರಿಕದ ಪ್ರಸಿದ್ಧ ಬೀಗದ ಕಂಪನಿ ಆರ್‌ಎಸ್‌ಎ ಏನು ಮಾಡಿತು ಗೊತ್ತೆ? 1999ರಲ್ಲಿ ಆಸ್ಟ್ರೇಲಿಯದಲ್ಲೇ ಒಂದು ಶಾಖೆ ತೆರೆದು ಅವರಿಬ್ಬರನ್ನೂ ಕೆಲಸಕ್ಕೆ ಕರೆದುಕೊಂಡಿತು. ಕೋಟೆ ಬಾಗಿಲು ಹಾಕಿದ್ದಕ್ಕೆ ಕೋಟೆಯೊಳಗಿನ ಶೆಟ್ಟರೇ ಹೊರಗೆ ಬಂದು ಅಂಗಡಿ ಹಾಕಿದ ಹಾಗೆ. 2000ದ ಜನವರಿಯಲ್ಲಿ ಅಮೆರಿಕ ನಿಯಮಗಳನ್ನು ಬಹಳ ಮಟ್ಟಿಗೆ ಸಡಿಲಿಸಿತು.

ಆಗ ಬೆಂಗಳೂರಿನಲ್ಲಿ ಏನಾಗುತ್ತಿತ್ತು ಎಂದು ಕೇಳಬಹುದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬಂದು, ಉಪಗ್ರಹದ ಮೂಲಕ ಕೆಲಸ ಕಳಿಸುವುದನ್ನು ತೋರಿಸಿಕೊಟ್ಟಿತ್ತು. ಬುದ್ಧಿವಂತ ಹುಡುಗರಿಗೆ ಬರವಿರಲಿಲ್ಲ. ಆದರೆ ಬೀಗ ಮಾಡುವ ಪೇಟೆ ಇಲ್ಲಿ ಬೆಳೆಯಲಿಲ್ಲ. ಅದಕ್ಕೆ ಅಮೆರಿಕವನ್ನೊಂದೇ ದೂರಿದರೆ ನ್ಯಾಯವಲ್ಲ. ಪೋಖ್ರಾನ್ ಪರೀಕ್ಷೆಯ ನಂತರ 1998ರಲ್ಲಿ ಅಮೆರಿಕ ನಮ್ಮ ಇಸ್ರೊ, ಬಿಇಎಲ್, ರಕ್ಷಣಾ ಪ್ರಯೋಗಾಲಯಗಳನ್ನು ನಿರ್ಬಂಧದ ಪಟ್ಟಿಗೆ ಸೇರಿಸಿದ್ದು ನಿಜ. ಇಸ್ರೊ ಮತ್ತು ಡಿಆರ್‌ಡಿಒ ಘಟಕಗಳು ಹೊರಬಂದದ್ದು 2011ರಲ್ಲಿ. ಅಮೆರಿಕದ ಜಾಲಭದ್ರತಾ ತಂತ್ರಾಂಶಗಳನ್ನು ನಂಬಬೇಡಿ ಎಂದು ಡಿಆರ್‌ಡಿಒ ಎಚ್ಚರಿಸಿದೆಯೆಂದು 1999ರ ಜನವರಿಯಲ್ಲಿ ಪತ್ರಿಕೆಗಳು ಬರೆದವು. ಅಷ್ಟೆಲ್ಲ ಹೇಳಿದ ನಾವು ನಮ್ಮ ಮನೆಯಲ್ಲಿ ಮಾಡಿದ್ದೇನು? ಅದೇ ಹೊತ್ತಿನ ನಮ್ಮ ಇಂಟರ್‌ನೆಟ್ ಪರವಾನಗಿಯ ನಿಯಮವೂ 40 ಬಿಟ್ಟಿಗೆ ಗೆರೆ ಎಳೆದಿತ್ತು. ಅದಕ್ಕಿಂತ ಗಟ್ಟಿ ಬೀಗ ಬೇಕೆಂದರೆ ಅನುಮತಿ ಪಡೆದು, ಕೀಲಿಯನ್ನು ಎರಡು ಭಾಗ ಮಾಡಿ ಸರ್ಕಾರದಲ್ಲಿ ಇಡಬೇಕು. ಇತ್ತ ರಿಸರ್ವ್ ಬ್ಯಾಂಕು 2001ರಲ್ಲಿ ಇಂಟರ್‌ನೆಟ್ ಬ್ಯಾಂಕಿಂಗಿಗೆ 128 ಬಿಟ್ ಇರಲಿ ಎಂದಿತು. ಒಂದು ಕೈ ಗಟ್ಟಿ ಬೀಗ ಹಾಕು ಎನ್ನುತ್ತದೆ, ಇನ್ನೊಂದು ಕೈ ಹಾಕಬೇಡ ಎನ್ನುತ್ತದೆ. ನಡುವೆ ಬೀಗ ಮಾಡುವವನು ಯಾರಿಗಾಗಿ ಮಾಡಬೇಕು?

ಇನ್ನು 2015ರ ಮಾರ್ಚ್ ಮೊದಲ ವಾರಕ್ಕೆ ಬರೋಣ. ಕೆಂಪಾಪುರದ ಕಲ್ಲಿನ ಸುದ್ದಿ ಹೊರಬಂದ ಅದೇ ವಾರ, ಯೂರೋಪು, ಅಮೆರಿಕಗಳ ಸಂಶೋಧಕರು ಇನ್ನೊಂದು ಹೂತದ್ದನ್ನು ಅಗೆದು ತೆಗೆದರು. ಅದಕ್ಕೆ ‘ಫ್ರೀಕ್’ ಎಂದು ಹೆಸರಿಟ್ಟರು. ತೊಂಬತ್ತರ ದಶಕದಲ್ಲಿ ಹೊರದೇಶಗಳಿಗೆಂದು ಮಾಡಿದ ದುರ್ಬಲ ಬೀಗಗಳು, ಕಾನೂನು ಸಡಿಲವಾಗಿ ಹದಿನೈದು ವರ್ಷವಾದರೂ ತಂತ್ರಾಂಶಗಳ ಒಳಮೂಲೆಯಲ್ಲಿ ಹಾಗೇ ಉಳಿದಿದ್ದವು. ಯಾರೂ ಕಿತ್ತುಹಾಕಿರಲಿಲ್ಲ. ಜಾಣ ಕಳ್ಳ ನಡುವೆ ನಿಂತು, ‘ಹಳೆಯ ರಫ್ತು ಬೀಗವನ್ನೇ ಹಾಕು’ ಎಂದು ಎರಡೂ ಕಡೆಯ ಗಣಕಗಳನ್ನು ಒಪ್ಪಿಸಬಹುದಾಗಿತ್ತು. ಇದು ಸೈಕಲ್ ಬೀಗದ ಜಾತಿಯದಲ್ಲ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವನ್ನು ಬಿಡಿಸುವ ಬಗೆಯದು. ಅಲ್ಲಿ ರಫ್ತಿಗೆ 512 ಬಿಟ್ಟಿನ ಮಿತಿಯಿತ್ತು. 2015ರಲ್ಲಿ ಬಾಡಿಗೆ ಗಣಕಗಳ ಮೇಲೆ ಅದನ್ನು ಒಡೆಯಲು ಸುಮಾರು ಏಳೆಂಟು ಗಂಟೆ, ನೂರು ಡಾಲರಿನ ಆಸುಪಾಸು ಸಾಕಾಯಿತು. ಆಪಲ್ ಮತ್ತು ಆಂಡ್ರಾಯ್ಡ್ ಫೋನುಗಳ ಬ್ರೌಸರುಗಳಲ್ಲಿ ಈ ದೋಷವಿತ್ತು. ಪರರ ಬೀಗ ಸಡಿಲವಿರಲಿ ಎಂದು ಬಯಸಿದ ಅಮೆರಿಕದ ಗೂಢಚರ್ಯೆ ಸಂಸ್ಥೆಯ ಜಾಲತಾಣವೂ ಆ ದೋಷವಿದ್ದವುಗಳಲ್ಲಿ ಒಂದು!

ಹುಡುಗ ಇದನ್ನು ಕೇಳಿ ಗಟ್ಟಿಯಾಗಿ ನಕ್ಕ. ಅವನ ತಂದೆ ನಗಲಿಲ್ಲ. ‘ಅದೆಲ್ಲ ಅಮೇರಿಕಾದೋರ ಕತೆ ಆಯ್ತು. ನಮ್ಮ ಅಪ್ಪಣೆ ಯಾವಾಗ ಬರುತ್ತೆ?’ ಎಂದರು.

ನಮ್ಮ ದೇಶದಲ್ಲೂ ಒಂದು ಪಟ್ಟಿಯಿದೆ. ಸ್ಕೋಮೆಟ್ ಎನ್ನುತ್ತಾರೆ. ವಿಷಾನಿಲಕ್ಕೆ ಬಳಸಬಹುದಾದ ರಾಸಾಯನಿಕ, ರೋಗಾಣು, ಕ್ಷಿಪಣಿಯ ಬಿಡಿಭಾಗ ಮೊದಲಾದವು ಅದರಲ್ಲಿವೆ. 1996ರಲ್ಲಿ ಹಾಲೆಂಡಿನ ವಾಸೆನಾರ್ ಎಂಬ ಊರಿನ ಹೆಸರಲ್ಲಿ ಹಲವು ದೇಶಗಳು ಇಂಥ ಸರಕುಗಳ ಬಗ್ಗೆ ಒಂದು ಏರ್ಪಾಟು ಮಾಡಿಕೊಂಡವು. ಭಾರತ ಅದನ್ನು ಸೇರಿದ್ದು 2017ರ ಡಿಸೆಂಬರಿನಲ್ಲಿ. ದಶಕಗಳ ಕಾಲ ಪರರ ಪಟ್ಟಿಯಿಂದ ಪೆಟ್ಟು ತಿಂದವರು ಈಗ ಪಟ್ಟಿ ಬರೆಯುವವರ ಪಂಕ್ತಿಯಲ್ಲಿ ಕೂತೆವು. ಅದರ ಜತೆಗೆ ಗೂಢಲಿಪಿಯೂ ನಮ್ಮ ಪಟ್ಟಿಗೆ ಬಂತು. ಅಲ್ಲಿ ಗೆರೆ 56 ಬಿಟ್. ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳುವ ಸಿದ್ಧ ಸರಕಿಗೆ ವಿನಾಯಿತಿಯಿದೆ. ನಮ್ಮ ಹುಡುಗನದು ಒಬ್ಬ ಗಿರಾಕಿಗೆಂದೇ ಹೊಲಿದ ಅಂಗಿ. ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಯಾರಿಗೆ, ಯಾವ ಕೆಲಸಕ್ಕೆ ಎಂದು ಕೊಳ್ಳುವವರಿಂದ ಬರೆಸಿ ತರಬೇಕು. ದೊಡ್ಡ ಕಂಪನಿಯಲ್ಲಿ ಇದನ್ನು ನೋಡಿಕೊಳ್ಳಲು ವಕೀಲರ ಒಂದು ಕೋಣೆಯೇ ಇರುತ್ತದೆ. ಒಂಬತ್ತು ಜನರ ಕಂಪನಿಯಲ್ಲಿ ತಂತ್ರಾಂಶ ಬರೆಯುವವನೇ ಅರ್ಜಿಯನ್ನೂ ಬರೆಯಬೇಕು.

ಪಟ್ಟಿಯೇ ಬೇಡ ಎನ್ನುವವನು ನಾನಲ್ಲ. ವಿಷಾನಿಲದ ರಾಸಾಯನಿಕ ಯಾರ ಕೈಗೆ ಹೋಗುತ್ತದೆಂದು ಸರ್ಕಾರ ಕೇಳಲೇಬೇಕು. ಪೀಪಾಯಿಯನ್ನು ಬಂದರಿನಲ್ಲಿ ತಡೆದರೆ ಅದು ಅಲ್ಲಿಯೇ ನಿಲ್ಲುತ್ತದೆ. ಹುಡುಗನ ತಂತ್ರಾಂಶದ ಒಳಗಿರುವ ಬೀಗ ಹಾಗಲ್ಲ. ಅದರ ಹೆಸರು ಎಇಎಸ್. ಬೆಲ್ಜಿಯಮ್ಮಿನ ಇಬ್ಬರು ರೂಪಿಸಿದ್ದು. ಅಮೆರಿಕ ಸರ್ಕಾರ ಜಗತ್ತಿನೆದುರು ಸ್ಪರ್ಧೆ ನಡೆಸಿ ಆರಿಸಿ, 2001ರಲ್ಲಿ ತನ್ನ ಮಾನಕವೆಂದು ಪ್ರಕಟಿಸಿತು. ಯಾವ ಪಿಯುಸಿ ಹುಡುಗಿಯೂ ಓದಬಹುದಾದ ಗಣಿತ. ಬೀಗದ ವಿದ್ಯೆ ಬಯಲಲ್ಲಿದೆ, ಕೀಲಿಯೊಂದೇ ಗುಟ್ಟು. ಬಯಲಲ್ಲಿರುವುದಕ್ಕೆ ಸುಂಕದ ಕಟ್ಟೆ ಹಾಕಿದರೆ ಹೊಲದ ಬದುವಿನ ಮೇಲೆ ನಡೆದುಹೋಗುವ ಕಳ್ಳನಿಗೆ ತೊಂದರೆಯಿಲ್ಲ. ರಸ್ತೆಯಲ್ಲಿ ಬರುವ ಗಾಡಿಯವನಷ್ಟೇ ನಿಲ್ಲುತ್ತಾನೆ. ಈಚೆಗೆ ಇಂಥ ಸರಕಿಗೆ ಒಮ್ಮೆ ಪಡೆದರೆ ಹಲವು ಸಲ ಕಳಿಸಬಹುದಾದ ಸಾಮಾನ್ಯ ಅನುಮತಿಯ ವ್ಯವಸ್ಥೆಯೂ ಬಂದಿದೆ. ಅದು ಒಳ್ಳೆಯದೇ. ಮೊದಲೇ ತಿಳಿದುಕೊಳ್ಳಬೇಕಿತ್ತು ಎಂದು ನಾನು ಹುಡುಗನನ್ನು ಬೈದದ್ದೂ ನಿಜ.

‘ಗೌಡ್ರೇ’ ಎಂದೆ, ‘ನಿಮ್ಮ ಮಗ ಮಾಡೋದು ಬೀಗ. ಮದ್ದುಗುಂಡಲ್ಲ. ಆದರೆ ಬೀಗದ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ. ಅದಕ್ಕೇ ಸರ್ಕಾರಕ್ಕೆ ಭಯ.’

ಅವರು ಸ್ವಲ್ಪ ಹೊತ್ತು ಸಮಾಧಿಯ ಕಲ್ಲನ್ನೇ ನೋಡಿದರು. ‘ಹಂಗಾದ್ರೆ ಇವರು ಐದು ವರ್ಷ ಒಳಗಿದ್ದು ಬಂದ್ರಲ್ಲ, ಆಮೇಲೆ ನಾಣ್ಯ ಹಾಕಿಸಿದ್ರಾ?’

ಉತ್ತರ ನನ್ನಲ್ಲಿರಲಿಲ್ಲ. ವಿಜ್ಞಾನದ ಮೇಷ್ಟ್ರಿಗೆ ಎಲ್ಲವೂ ಗೊತ್ತಿರುತ್ತದೆಂದು ತಿಳಿದವರಿಗೆ ಇಂಥ ಹೊತ್ತಿನಲ್ಲಿ ಬೇಸರವಾಗುತ್ತದೆ.

ಹಿಂತಿರುಗುವಾಗ ಮಾಗಡಿಯಲ್ಲಿ ಕಾರು ನಿಲ್ಲಿಸಿ ಅವರೇಕಾಯಿ ಕೊಂಡೆವು. ತಂದೆಯವರು ಒಂದೊಂದು ಕಾಯಿ ಮೂಸಿ ನೋಡಿ ಚೌಕಾಸಿ ಮಾಡಿದರು. ಹುಡುಗಿ ಇನ್ನೂ ಎರಡರ ಗುಣಾಕಾರ ಬಿಟ್ಟಿರಲಿಲ್ಲ; ಈಗ ನನ್ನ ಪೆನ್ನು ಇಸಿದುಕೊಂಡು, ಕಾಯಿ ಕಟ್ಟಿಸಿಕೊಂಡ ಕಾಗದದ ಮೇಲೆ ಕೈಯಲ್ಲೇ ಮಾಡುತ್ತಿದ್ದಳು. ಹುಡುಗ ಫೋನು ತೆಗೆದು, ಸರಿಯಾದ ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಳಿಸುತ್ತೇವೆಂದು ಕೊಳ್ಳುವವರು ಬರೆದಿದ್ದನ್ನು ನನಗೆ ತೋರಿಸಿದ. ಸೋಮವಾರ ಮತ್ತೆ ಅರ್ಜಿ.

‘ಕಾಗದ ಬಂದ ದಿನ ನನಗೂ ಒಂದು ಫೋನ್ ಮಾಡಪ್ಪ’ ಎಂದು ತಂದೆ ಮೂಟೆಯನ್ನು ಡಿಕ್ಕಿಗೆ ಎತ್ತಿ ಹಾಕಿದರು.